ಜೀಪಿನ ಸದ್ದಿಗೆ ಆರುವ ದೀಪ

ಇದನ್ನು ದೆವ್ವದ ಕತೆ ಎಂದು ಓದುವವರು ಹಾಗೆಯೇ ಓದಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಕಟ್ಟುಕತೆ ಎಂದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಆ ರಾತ್ರಿ ಮೋಹಟೇಕಡಿಯ ಗುಡ್ಡದ ಮೇಲೆ ದೀಪ ಹಿಡಿದು ನಿಂತವಳು ನಾನು. ನನ್ನ ಕೈಗೆ ತಾಗಿದ್ದು ಗಾಳಿಯೋ ಬೇರೇನೋ ಎಂದು ಫ್ಯಾನಿನ ಕೆಳಗೆ ಕುಳಿತವರು ನನಗೆ ಹೇಳಿಕೊಡಬೇಕಾಗಿಲ್ಲ.

ನಾನು ಹೆದರುಪುಕ್ಕಲಿಯಲ್ಲ. ವಿಜಯಪುರದ ಕಡೆಯವಳು. ಗಂಡನಿಗೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ. ಅವರಿಗೆ ವರ್ಗವಾದಾಗ ನಾನೂ ಕೇಳಿಕೊಂಡು ನಾಗಪುರಕ್ಕೆ ಬಂದೆ. ಬಜಾಜ್ ನಗರದಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ. ನನ್ನದು ನಕ್ಷೆ ಮಾಡುವ ಸರ್ಕಾರಿ ಕಚೇರಿ. ಒಂದು ತಹಸೀಲಿನ ನಕ್ಷೆ ಹೊಸದಾಗುವಾಗ ಹಳ್ಳಿ ಹಳ್ಳಿ ತಿರುಗಿ, ಈ ಗುಡ್ಡಕ್ಕೆ ಏನನ್ನುತ್ತೀರಿ, ಆ ಹಳ್ಳಕ್ಕೆ ಏನನ್ನುತ್ತೀರಿ, ಯಾವ ವಾಡಿಯಲ್ಲಿ ಯಾರಿದ್ದೀರಿ ಎಂದು ಕೇಳಿ ಹೆಸರು ತಾಳೆ ನೋಡುವುದು ನನ್ನ ಕೆಲಸ. ಕಿತ್ತಳೆ ತೋಟ, ಹತ್ತಿ ಹೊಲ, ತೊಗರಿ, ಸಾಗವಾನಿ ಗುಡ್ಡ... ಆ ಕಡೆಯ ದಾರಿಗಳು ನನಗೆ ತವರಿನ ದಾರಿಗಿಂತ ಚೆನ್ನಾಗಿ ಗೊತ್ತು.

ಈ ಕೆಲಸದಲ್ಲಿ ನನಗೆ ಆಗದ ಮಾತು ಒಂದೇ. ಬೇಚಿರಾಗ್. ಕಂದಾಯದವರ ಹಳೇ ಪದ. ಚಿರಾಗ್ ಎಂದರೆ ದೀಪ. ರಾತ್ರಿ ಒಂದು ದೀಪವೂ ಉರಿಯದ ಊರು, ಅಂದರೆ ಒಂದು ನರಪಿಳ್ಳೆಯೂ ವಾಸವಿಲ್ಲದ ಊರು ಬೇಚಿರಾಗ್. ಆ ಮಾತು ಬಿತ್ತೆಂದರೆ ಊರು ಸತ್ತಂತೆ. ನಕ್ಷೆಯಿಂದ ಹೆಸರು ಹೋಗುತ್ತದೆ, ಮನೆಗಳಿದ್ದ ಜಾಗ ಸರ್ಕಾರದ್ದಾಗುತ್ತದೆ, ಆಮೇಲೆ ಸರ್ಕಾರ ಅದನ್ನು ತನಗೆ ಬೇಕಾದವರಿಗೆ ಕೊಡಬಹುದು.

ನಾಗಪುರದ ಹೊರವಲಯದ ಹಿಂಗಣಾದ ಫ್ಯಾಕ್ಟರಿಗಳ ಸಾಲು ದಾಟಿ ಇನ್ನೂ ಮುಂದೆ ಹೋದರೆ ಮೋಹಟೇಕಡಿಯ ಗುಡ್ಡ. ಮೋಹ ಎಂದರೆ ನಮ್ಮ ಹಿಪ್ಪೆ ಮರ. ಗುಡ್ಡದ ತುಂಬ ಅದೇ. ಮೇಲಿದ್ದ ಊರಿನವರನ್ನು ಎಂದೋ ಕೆಳಗೆ ಡಾಂಬರು ರಸ್ತೆಯ ಪಕ್ಕಕ್ಕೆ ಇಳಿಸಿ ಹೊಸ ಊರು ಮಾಡಿದ್ದರು. ಮೇಲೆ ಉಳಿದದ್ದು ಒಂದೇ ಮನೆ, ಯಶೋದಾಬಾಯಿಯದು. ಗಂಡ ಹಿಂಗಣಾದ ಫ್ಯಾಕ್ಟರಿಯೊಂದರಲ್ಲಿ ರಾತ್ರಿ ಪಾಳಿಯ ಕೂಲಿ. ಅವಳದು ಆಡು, ಹಿಪ್ಪೆ ಹೂವು, ಒಂದು ಬಾವಿ. ಗುಡ್ಡದ ಕಲ್ಲಿನ ಮೇಲೆ ಒಬ್ಬ ಜಲ್ಲಿ ಕ್ರಷರಿನ ಮಾಲೀಕ ಕಣ್ಣು ಹಾಕಿದ್ದ. ಅವನಿಗೂ ಆ ಗುಡ್ಡಕ್ಕೂ ನಡುವೆ ಅಡ್ಡವಿದ್ದದ್ದು ಈ ಒಬ್ಬ ಹೆಂಗಸು.

ಆ ದಿನ ಬೆಳಿಗ್ಗೆ ನಾವು ಮೂವರು ಹೋಗಿದ್ದೆವು. ನಮ್ಮ ಸಾಹೇಬರು, ನಾನು, ಜೀಪಿನ ಡ್ರೈವರ್ ಬಸವರಾಜ. ಬಸವರಾಜನ ಅಪ್ಪ ಹುಬ್ಬಳ್ಳಿಯಿಂದ ರೈಲ್ವೆ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಹುಡುಗ ಹುಟ್ಟಿದ್ದು ನಾಗಪುರದಲ್ಲಿ, ಕನ್ನಡ ಓದಲು ಬಾರದು, ಆದರೆ ಆಡುವುದು ಮಾತ್ರ ಅಚ್ಚ ಹುಬ್ಬಳ್ಳಿಯದು, ನಡುನಡುವೆ ಹಿಂದಿ ಬೆರೆಸಿ.

ಕೆಳಗಿನ ಊರಿನ ಚಹಾ ಅಂಗಡಿಯಲ್ಲಿ ಕೇಳಿದರೆ ಎಲ್ಲರದೂ ಒಂದೇ ರಾಗ. ‘ಮೇಲೆ ಯಾರೂ ಇಲ್ಲ. ಅವಳು ಹಗಲು ಆಡು ಮೇಯಿಸೋಕೆ ಹೋಗ್ತಾಳೆ ಅಷ್ಟೆ.’ ಬೆಂಚಿನ ತುದಿಯಲ್ಲಿ ಕ್ರಷರಿನ ಮಾಲೀಕನ ಮನುಷ್ಯ ಕೂತು ಎಲ್ಲರ ಚಹಾಕ್ಕೂ ತಾನೇ ಹೇಳುತ್ತಿದ್ದ. ಉಂಡ ಮನೆಯ ಋಣ ಎನ್ನುತ್ತಾರಲ್ಲ, ಇಲ್ಲಿ ಅರ್ಧ ಕಪ್ ಚಹಾಕ್ಕೇ ಆ ಋಣ.

ಅಷ್ಟರಲ್ಲಿ ಯಶೋದಾಬಾಯಿ ಗುಡ್ಡ ಇಳಿದು ಬಂದಳು. ನಲವತ್ತು ದಾಟಿದ ಗಟ್ಟಿ ಹೆಂಗಸು, ಸೊಂಟಕ್ಕೆ ಸೆರಗು ಬಿಗಿದಿದ್ದಳು. ಅವಳು ಆಡಿದ್ದು ಮರಾಠಿ. ನಾನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

‘ಸಾಹೇಬ್ರ, ಹಗಲು ಹೊತ್ತು ಬಂದು ಊರಾಗ ದೀಪ ಐತೋ ಇಲ್ಲೋ ಅಂತ ಕೇಳ್ತೀರಲ್ಲ, ಹಗಲು ಯಾರು ದೀಪ ಹಚ್ಚತಾರ? ಕತ್ತಲಾದ ಮ್ಯಾಲ ಬರ್ರಿ. ನನ್ನ ಮನ್ಯಾಗ ದೀಪ ಕಂಡ್ರ ಊರು ಐತಿ ಅಂತ ಬರೀರಿ. ಕಾಣಲಿಲ್ಲ ಅಂದ್ರ ನಾನ ಹೆಬ್ಬೆಟ್ಟು ಒತ್ತತೀನಿ.’

ಸಾಹೇಬರು ನಕ್ಕರು. ಅವರಿಗೆ ಇದು ತಮಾಷೆಯಾಗಿ ಕಂಡಿರಬೇಕು. ‘ಸರಿ, ಬರ್ತೀವಿ’ ಎಂದರು. ಅಂಗಡಿಯಲ್ಲಿದ್ದವರೆಲ್ಲರ ಎದುರಿಗೇ ಮಾತು ಕೊಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು. ಒಂದು ಪಣತಿ ಹಚ್ಚುವುದು ಎಷ್ಟು ಹೊತ್ತಿನ ಕೆಲಸ!

ಮಧ್ಯಾಹ್ನ ಸಾಹೇಬರು ಕ್ರಷರಿನ ಮಾಲೀಕನ ತೋಟದ ಮನೆಗೆ ಸಾವಜಿ ಮಟನ್ ಊಟಕ್ಕೆ ಹೋದರು. ನನ್ನನ್ನೂ ಕರೆದರು. ನಾನು ಜೀಪಿನಲ್ಲೇ ಕುಳಿತು ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಯಾರ ಊರನ್ನು ಅಳಿಸಬೇಕೋ ಬೇಡವೋ ಎಂದು ನೋಡಲು ಬಂದವರು ಅಳಿಸಬೇಕೆನ್ನುವವನ ಮನೆಯಲ್ಲಿ ಬೆರಳು ಚೀಪುತ್ತಿದ್ದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಅವರು ಹೊರಗೆ ಬರುವಾಗ ಹೊತ್ತು ಮುಳುಗಿತ್ತು. ಜೀಪಿನ ಮುಂದಿನ ಸೀಟಿನಲ್ಲಿ ಕುಳಿತವರೇ ಗೊರಕೆ ಶುರು ಮಾಡಿದರು.

ಗುಡ್ಡದ ದಾರಿ ಹಿಡಿದಾಗ ಪೂರ್ತಿ ಕತ್ತಲು. ಹಿಪ್ಪೆ ಹೂವಿನ ಕಾಲ. ಗಾಳಿಯಲ್ಲಿ ಅದರ ಸಿಹಿ, ಹುಳಿಬಿದ್ದಂಥ ವಾಸನೆ. ದೂರದಲ್ಲಿ ಹಿಂಗಣಾದ ಫ್ಯಾಕ್ಟರಿಗಳ ದೀಪಗಳು ಆಕಾಶವನ್ನು ಕೆಂಪಗೆ ಮಾಡಿದ್ದವು. ತಿರುವಿನಲ್ಲಿ ಬಸವರಾಜ ಗಾಡಿ ನಿಧಾನ ಮಾಡಿದ.

‘ಅಕ್ಕಾರ...’

‘ಏನಪಾ?’

‘ಮ್ಯಾಲ ಒಂದ ಮನಿ ಐತಿ ಅಂದಿದ್ರಲ್ರೀ?’

ನಾನು ತಲೆ ಹೊರಗೆ ಹಾಕಿ ನೋಡಿದೆ. ಗುಡ್ಡದ ನೆತ್ತಿಯ ಮೇಲೆ ದೀಪಗಳು... ಒಂದಲ್ಲ. ಇಡೀ ಒಂದು ಓಣಿ. ಕರೆಂಟಿನ ಬಿಳಿ ಬೆಳಕಲ್ಲ, ಎಣ್ಣೆ ದೀಪದ ಹಳದಿ. ಒಂದೊಂದೂ ಸಣ್ಣಗೆ, ಅಲುಗದೆ ಉರಿಯುತ್ತಿತ್ತು. ಸಂಜೆ ಹೊತ್ತಿನಲ್ಲಿ ಯಾವ ಊರಾದರೂ ಹೀಗೇ ಕಾಣುತ್ತದೆ.

ಯಶೋದಾಬಾಯಿ ಜಾಣೆ, ಪಾಳು ಮನೆಗಳಿಗೆಲ್ಲ ಪಣತಿ ಇಟ್ಟಿದ್ದಾಳೆ ಎಂದುಕೊಂಡೆ. ಭಲೇ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿದೆ.

‘ಸಾಹೇಬ್ರನ್ನ ಎಬ್ಬಿಸು’ ಎಂದೆ.

ಬಸವರಾಜ ಎಬ್ಬಿಸಲಿಲ್ಲ. ಗೇರು ಬದಲಿಸಿ ಏರು ಹತ್ತಿಸಿದ. ಇಂಜಿನ್ ಗುಡುಗಿತು. ಆಗ ಈ ಕಡೆಯ ಮೊದಲ ದೀಪ ಆರಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು... ಗಾಳಿಗೆ ಆರಿದಂತಲ್ಲ. ಯಾರೋ ಒಬ್ಬರು ಮನೆಯಿಂದ ಮನೆಗೆ ಸುದ್ದಿ ಮುಟ್ಟಿಸಿದಂತೆ, ಸಾಲಾಗಿ, ಗಡಿಬಿಡಿಯಿಂದ. ನಾವು ನೆತ್ತಿ ಮುಟ್ಟುವ ಹೊತ್ತಿಗೆ ಒಂದೂ ಇರಲಿಲ್ಲ.

ಸಾಹೇಬರು ಕಣ್ಣುಜ್ಜಿಕೊಂಡು ಎದ್ದರು. ಸುತ್ತ ನೋಡಿ, ‘ಕಹಾಂ ಹೈ ದಿಯಾ?’ ಎಲ್ಲಿದೆ ದೀಪ ಎಂದು ನಕ್ಕರು.

‘ಸರ್, ಈಗಷ್ಟೇ ಇದ್ದವು. ಬಸವರಾಜನೂ ನೋಡಿದ್ದಾನೆ.’

ಬಸವರಾಜ ಸ್ಟೀರಿಂಗ್ ಮೇಲಿನಿಂದ ಕೈ ತೆಗೆದಿರಲಿಲ್ಲ. ಹಾಂ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಇಂಜಿನ್ ಓಡುತ್ತಲೇ ಇತ್ತು.

ನಾನು ಮೊಬೈಲಿನ ಬೆಳಕು ಹಿಡಿದು ಇಳಿದೆ. ಮನೆಗಳೆಂದರೆ ಏನು, ಸೊಂಟದೆತ್ತರದ ಮಣ್ಣಿನ ಗೋಡೆಗಳು. ಸೂರಿಲ್ಲ, ಬಾಗಿಲಿಲ್ಲ, ಒಳಗೆಲ್ಲ ಒಣಗಿದ ತಗಚೆ ಗಿಡ. ಪಂಚಾಯಿತಿಯವರು ನೆಟ್ಟಿದ್ದ ಸೋಲಾರ್ ಕಂಬವೊಂದು ಬ್ಯಾಟರಿ ಕಳೆದುಕೊಂಡು ನಿಂತಿತ್ತು. ಆದರೆ ಮೂಗಿಗೆ ಬಂದ ವಾಸನೆ... ಆಗಷ್ಟೇ ಆರಿಸಿದ ಬತ್ತಿಯದು. ಅಗಸೆ ಎಣ್ಣೆಯ ಕಮಟು, ಸುಟ್ಟ ಅರಳೆಯ ಹೊಗೆ. ಮೊದಲ ಗೋಡೆಯಲ್ಲಿ ದೀಪದ ಗೂಡಿತ್ತು. ಪಣತಿ ಇರಲಿಲ್ಲ. ಎಣ್ಣೆಯ ಗುರುತೂ ಇರಲಿಲ್ಲ. ಕೈ ಇಟ್ಟೆ.

ಬಿಸಿ.

ಎರಡನೆಯ ಮನೆಯ ಗೂಡು. ಅದೂ ಬಿಸಿ. ಮೂರನೆಯದಕ್ಕೆ ಕೈ ಇಡುವ ಧೈರ್ಯ ನನಗೆ ಬರಲಿಲ್ಲ. ಎದುರಿನ ಗೋಡೆಯ ಹಿಂದೆ ಯಾರೋ ಉಸಿರು ಬಿಗಿ ಹಿಡಿದು ಕೂತ ಹಾಗೆ ಅನ್ನಿಸುತ್ತಿತ್ತು. ಒಬ್ಬರಲ್ಲ, ಬಹಳ ಜನ. ಒಂದು ಮಗುವಿನ ಬಾಯಿಯನ್ನು ಕೈಯಿಂದ ಮುಚ್ಚಿದರೆ ಬರುವ ಸದ್ದು ಕೂಡ ಕೇಳಿದೆ. ದೇವರಾಣೆ ಕೇಳಿದೆ.

‘ಸರ್, ಇಲ್ಲಿ ಕೈ ಇಟ್ಟು ನೋಡಿ!’ ಎಂದು ಕೂಗಿದೆ.

‘ಇಡೀ ದಿನದ ಬಿಸಿಲು ಮೇಡಂ, ಗೋಡೆ ಕಾದಿರುತ್ತೆ’ ಎಂದರು. ಜೀಪಿನಿಂದ ಕಾಲು ಕೂಡ ಕೆಳಗಿಡಲಿಲ್ಲ.

ಓಣಿಯ ಕೊನೆಗೆ ಯಶೋದಾಬಾಯಿಯ ಮನೆ. ತಗಡಿನ ಮಾಡು, ಸೆಗಣಿ ಸಾರಿಸಿದ ಜಗುಲಿ. ಆಡುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಒಂದೂ ಅರಚುತ್ತಿರಲಿಲ್ಲ. ಅವಳು ಕತ್ತಲಲ್ಲಿ ಹೊಸ್ತಿಲ ಮೇಲೆ ಕುಳಿತಿದ್ದಳು. ಕಾಲ ಬಳಿ ಪಣತಿ, ಸುತ್ತ ಗೀರಿ ಬಿಸಾಕಿದ ಬೆಂಕಿಕಡ್ಡಿಗಳು. ಅಳುತ್ತಿದ್ದಳು. ಅದು ದುಃಖದ ಅಳುವಲ್ಲ, ರೋಷದ್ದು.

‘ಹಚ್ಚತೀನಿ, ಆರಿಸ್ತಾಳ. ಹಚ್ಚತೀನಿ, ಆರಿಸ್ತಾಳ! ನಿಮ್ಮ ಜೀಪಿನ ಸದ್ದು ಕೇಳಿದಾಗಿಂದ ಇದ ಆಟ ನಡದೈತಿ!’

‘ಯಾರವಾ ಆರಿಸೋರು?’

‘ಇನ್ನ್ಯಾರು? ನಮ್ಮತ್ತಿ.’

ಅವಳ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು.

ಆಮೇಲೆ ಅವಳು ಹೇಳಿದ್ದನ್ನು ಕೇಳಿ ನನಗೆ ಹೆದರಿಕೆ ಹೋಗಿ ಕೋಪ ಬಂತು. ಅತ್ತೆಯ ಕಾಲದಲ್ಲಿ ಸರ್ಕಾರದ ಜೀಪು ರಾತ್ರಿಯೇ ಬರುತ್ತಿತ್ತಂತೆ. ಇದು ಕಾಡಿನ ಜಾಗ, ಇಲ್ಲಿ ಯಾರೂ ವಾಸ ಮಾಡುವಂತಿಲ್ಲ ಎಂದು. ಯಾವ ಗುಡಿಸಲಲ್ಲಿ ದೀಪ ಕಂಡಿತೋ ಅದಕ್ಕೆ ಸುಣ್ಣದ ಗುರುತು ಹಾಕಿ ಹೋಗುವರು. ಬೆಳಗಾದರೆ ಆ ಗುಡಿಸಲು ನೆಲಸಮ. ಕತ್ತಲಿದ್ದ ಮನೆ ಪಾಳು ಮನೆಯೆಂದು ಉಳಿಯುತ್ತಿತ್ತು. ಹಾಗಾಗಿ ದೂರದಲ್ಲಿ ಇಂಜಿನ್ ಸದ್ದು ಕೇಳಿದರೆ ಸಾಕು, ಊರಿಗೆ ಊರೇ ದೀಪ ಆರಿಸಿ, ಮಕ್ಕಳ ಬಾಯಿ ಮುಚ್ಚಿ, ಗೋಡೆಗೊರಗಿ ಕೂರುವುದು. ಈ ಮನೆಯ ಅತ್ತೆ ಊದಿ ಆರಿಸುತ್ತಿರಲಿಲ್ಲ. ಊದಿದರೆ ಹೊಗೆ ಹೊರಗೆ ಹೋಗುತ್ತದೆಂದು ಉರಿಯುವ ಬತ್ತಿಯನ್ನೇ ಎರಡು ಬೆರಳಲ್ಲಿ ಹಿಸುಕುತ್ತಿದ್ದಳು.

ನೋಡಿ ಇವರ ನ್ಯಾಯ! ಅಂದು ದೀಪ ಕಂಡರೆ ಮನೆ ಹೋಗುತ್ತಿತ್ತು, ಇಂದು ದೀಪ ಕಾಣದಿದ್ದರೆ ಊರು ಹೋಗುತ್ತದೆ. ಕಾನೂನು ಮಾಡುವವರು ಬದಲಾದರು, ಜೀಪು ಬದಲಾಯಿತು. ಬದಲಾದ ಕಾನೂನನ್ನು ಸತ್ತವರಿಗೆ ಯಾರು ಹೋಗಿ ತಿಳಿಸುತ್ತಾರೆ?

‘ಬಸವರಾಜಾ, ಗಾಡಿ ಬಂದ್ ಮಾಡೋ!’ ಎಂದು ಕಿರುಚಿದೆ.

ಇಂಜಿನ್ ನಿಂತಿತು. ಗುಡ್ಡದ ಮೇಲೆ ಎಂಥ ಮೌನ ಎಂದರೆ ಆಡುಗಳ ಉಸಿರು ಕೇಳುತ್ತಿತ್ತು. ಪಣತಿಯನ್ನು ನಾನೇ ಎಡಗೈಯಲ್ಲಿ ಎತ್ತಿಕೊಂಡೆ. ಯಶೋದಾಬಾಯಿ ಕಡ್ಡಿ ಗೀರಿದಳು. ಬತ್ತಿ ಹತ್ತಿಕೊಂಡಿತು. ಬಲ ಅಂಗೈ ಅಡ್ಡ ಇಟ್ಟು ನಿಂತೆ. ಉರಿ ನೆಟ್ಟಗೆ, ಅಲುಗದೆ ನಿಂತಿತು. ಯಶೋದಾಬಾಯಿ ಕೈ ಮುಗಿದಳು. ನನಗೋ, ದೇವರಿಗೋ, ಅತ್ತೆಗೋ ಗೊತ್ತಿಲ್ಲ.

‘ಸರ್, ಬನ್ನಿ! ದೀಪ ಉರೀತಿದೆ! ಬಂದು ನೋಡಿ!’

ನನಗೂ ಜೀಪಿಗೂ ನಡುವೆ ಆಳೆತ್ತರಕ್ಕೆ ಉಳಿದಿದ್ದ ಒಂದೇ ಒಂದು ಮುರುಕು ಗೋಡೆ ಅಡ್ಡವಿತ್ತು. ಸಾಹೇಬರು ಇಳಿದು ನಾಲ್ಕು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಅವರು ಫೋನಿನಲ್ಲಿದ್ದರು. ‘ಹೋ ಗಯಾ, ಹೋ ಗಯಾ’, ಕೆಲಸ ಆಯಿತು ಎನ್ನುತ್ತಿದ್ದರು. ಆ ಕಡೆ ಯಾರಿದ್ದರು ಎಂದು ನಾನು ಹೇಳಬೇಕೆ?

‘ಮೇಡಂ, ಸಾಕು ಬನ್ನಿ, ತಡವಾಯ್ತು. ನೋಡೋದು ನೋಡಿದ್ದಾಯ್ತು.’

‘ನೋಡಿಲ್ಲ ಸರ್! ನೀವು ಇಳಿದೇ ಇಲ್ಲ!’

ಬಸವರಾಜ ಗಾಡಿ ಶುರು ಮಾಡಲಿಲ್ಲ. ಅವನು ಕೆಳಗಿಳಿದು ನಿಂತುಬಿಟ್ಟಿದ್ದ. ಸಾಹೇಬರು ತಾವೇ ಪಕ್ಕಕ್ಕೆ ಬಾಗಿ ಕೀಲಿ ತಿರುಗಿಸಿದರು. ಇಂಜಿನ್ ಕೆಮ್ಮಿ, ಗುಡುಗಿ, ಹತ್ತಿಕೊಂಡಿತು.

ಆಗ...

ನನ್ನ ಬಲಗೈಯ ಮಣಿಕಟ್ಟನ್ನು ಯಾರೋ ಹಿಡಿದರು. ಕೊರೆಯುವ ಚಳಿ ಕೈಯಲ್ಲ, ದೆವ್ವದ ಕತೆಗಳಲ್ಲಿ ಬರುವಂಥದ್ದಲ್ಲ. ಒಣಗಿದ, ಒರಟು, ಬೆಚ್ಚಗಿನ ಕೈ. ದುಡಿದವರ ಕೈ. ಜೋರು ಮಾಡಲಿಲ್ಲ. ತಿಳಿಯದ ಸೊಸೆಯೊಬ್ಬಳು ಒಲೆಯ ಮುಂದೆ ಏನೋ ಎಡವಟ್ಟು ಮಾಡುವಾಗ ಹಿರಿಯಳು ಅವಳ ಕೈಯನ್ನು ಹೇಗೆ ಸರಿಸುತ್ತಾಳೋ ಹಾಗೆ ನನ್ನ ಅಂಗೈಯನ್ನು ಪಕ್ಕಕ್ಕೆ ಸರಿಸಿತು. ಕಣ್ಣೆದುರಿಗೇ ಉರಿ ಎರಡು ಕಡೆಯಿಂದ ಚಪ್ಪಟೆಯಾಯಿತು. ಚುರ್ ಎಂದಿತು. ಕತ್ತಲು.

ಕಿವಿಯ ಹತ್ತಿರ, ಬಹಳ ಹತ್ತಿರ, ಅಗಸೆ ಎಣ್ಣೆಯ ವಾಸನೆಯ ಜೊತೆ ಒಂದು ಪಿಸುಮಾತು ಬಂತು. ‘ಗಪ್ ಬಸ್, ಪೋರೀ...’ ಸುಮ್ಮನೆ ಕೂರು, ಹುಡುಗಿ.

ನಾನು ಓಡಲಿಲ್ಲ. ಮೂರ್ಛೆಯೂ ಬೀಳಲಿಲ್ಲ. ಏನು ಮಾಡಿದೆ ಗೊತ್ತೆ? ಬೈದೆ. ಆ ಕತ್ತಲಿನ ಮುಖಕ್ಕೆ, ನನ್ನ ವಿಜಯಪುರದ ಕನ್ನಡದಲ್ಲಿ, ಗಂಟಲು ಹರಿಯುವ ಹಾಗೆ ಬೈದೆ. ‘ನಿನಗ ಬುದ್ಧಿ ಐತೇನ್ ಬೇ! ಅವತ್ತು ಹಚ್ಚಿದ್ರ ಮನಿ ಹೋಗತಿತ್ತು, ಖರೆ. ಇವತ್ತು ಆರಿಸಿದ್ರ ಊರ ಹೋಗತೈತಿ! ಯಾರಿಂದ ಉಳಿಸಾಕ ಹೊಂಟಿ? ನಿನ್ನ ಸೊಸಿ ಬಾಯಾಗ ಮಣ್ಣು ಹಾಕಾಕತ್ತೀಯಲ್ಲ!’

ಇಂಜಿನ್ ಮಾತ್ರ ಗುಡುಗುತ್ತಿತ್ತು.

ಸಾಹೇಬರು ಈಗ ಇಳಿದು ಬಂದರು. ಎಷ್ಟು ಸರಿಯಾದ ಹೊತ್ತಿಗೆ ನೋಡಿ! ಟಾರ್ಚು ಬಿಟ್ಟು ಪಣತಿ ನೋಡಿದರು, ಅಳುವ ಹೆಂಗಸನ್ನು ನೋಡಿದರು. ‘ನೀನೇ ಹೇಳಿದ ಮಾತು, ತಾಯಿ. ದೀಪ ಕಾಣಲಿಲ್ಲ’ ಎಂದು ಮೆತ್ತಗೆ ಹೇಳಿದರು. ಆ ಮೆತ್ತಗಿನ ದನಿಗೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇದ್ದ ಹೆಂಗಸು ಕಣ್ಣೆದುರು ನಿಂತಿದ್ದಾಳೆ, ಅವಳ ಆಡು ನಿಂತಿದೆ, ಅವಳ ಒಲೆಯ ಬೂದಿ ಇನ್ನೂ ಆರಿಲ್ಲ. ಆದರೆ ದೀಪ ಇಲ್ಲವಂತೆ, ಹಾಗಾಗಿ ಅವಳೂ ಇಲ್ಲವಂತೆ.

ಯಶೋದಾಬಾಯಿ ಆಡಿದ ಮಾತಿಗೆ ತಪ್ಪಲಿಲ್ಲ. ಜೀಪಿನ ಹೆಡ್‌ಲೈಟಿನ ಬೆಳಕಿನಲ್ಲಿ, ಬೇಚಿರಾಗ್ ಎಂದು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ನಾನು ಸಹಿ ಮಾಡುವುದಿಲ್ಲ ಎಂದೆ. ಮಾಡಲೂ ಇಲ್ಲ. ಮರುದಿನ ಕಚೇರಿಯಲ್ಲಿ ಆ ಗುಡ್ಡವನ್ನು ಕಣ್ಣಿಂದಲೂ ಕಾಣದ ಇನ್ನೊಬ್ಬರು ಮಾಡಿದರು. ಸಾಹೇಬರು ಎಲ್ಲರ ಮುಂದೆ, ‘ಮೇಡಂ ಕತ್ತಲಿಗೆ ಹೆದರಿಬಿಟ್ಟರು, ಪಾಪ’ ಎಂದರು. ನಾನು ಅವರ ಮುಖಕ್ಕೇ ಹೇಳಿದೆ, ‘ಕತ್ತಲಿಗಲ್ಲ ಸರ್, ನಿಮಗೆ ಹೆದರಿದ್ದು. ನಾನಲ್ಲ, ಸತ್ತವರು.’ ಅದಕ್ಕೆ ಪ್ರತಿಯಾಗಿ ಏನೇನು ಅನುಭವಿಸಿದೆ ಎಂಬುದು ಬೇರೆ ಕತೆ, ಅದರಲ್ಲಿ ದೆವ್ವಗಳಿಲ್ಲ.

ಹೊಸ ನಕ್ಷೆಯಲ್ಲಿ ಮೋಹಟೇಕಡಿ ಇಲ್ಲ. ಆ ಜಾಗದಲ್ಲಿ ಗುಡ್ಡದ ಗೆರೆಗಳಷ್ಟೇ ಇವೆ. ಈಗ ಆ ಗೆರೆಗಳೂ ಸುಳ್ಳು, ಯಾಕೆಂದರೆ ಗುಡ್ಡದ ಒಂದು ಬದಿಯನ್ನು ಸಿಡಿಸಿ ತೆಗೆದಿದ್ದಾರೆ. ಯಶೋದಾಬಾಯಿ ಆಡು ಮಾರಿ ಕೆಳಗಿನ ಊರಿಗೆ ಬಂದಿದ್ದಾಳೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮುಸ್ಸಂಜೆಗೆ ಹೊಸ್ತಿಲ ಬಳಿ ದೀಪ ಇಡುವುದು ಅಮ್ಮನಿಂದ ಬಂದ ಅಭ್ಯಾಸ. ಬಜಾಜ್ ನಗರದ ನಮ್ಮ ಓಣಿಯಲ್ಲಿ ಬೈಕು ಬರುತ್ತದೆ, ಕಾರು ಬರುತ್ತದೆ, ಹಾಲಿನ ಟೆಂಪೋ ಬರುತ್ತದೆ. ದೀಪ ಉರಿಯುತ್ತಲೇ ಇರುತ್ತದೆ. ಒಂದು ಸಂಜೆ ಬಸವರಾಜ ಕಚೇರಿಯ ಜೀಪಿನಲ್ಲಿ ಏನೋ ಕಾಗದ ಕೊಡಲು ಬಂದ. ಜೀಪು ಓಣಿಯ ಮೂಲೆ ತಿರುಗಿತು... ಚುರ್. ಬಾಗಿಲ ಬಳಿ ನಿಂತಿದ್ದ ನನ್ನ ಕಣ್ಣೆದುರಿಗೇ ದೀಪ ಹೋಯಿತು. ಬತ್ತಿಯ ತುದಿ ಎರಡು ಕಡೆಯಿಂದ ಹಿಸುಕಿ ಚಪ್ಪಟೆಯಾಗಿತ್ತು. ಮನೆಯಲ್ಲಿ ನಾವು ಸುರಿಯುವುದು ಎಳ್ಳೆಣ್ಣೆ. ಬಂದ ವಾಸನೆ ಅಗಸೆಯದು.

ಬಸವರಾಜ ಮೆಟ್ಟಿಲು ಹತ್ತಿ ಬಂದು ಬತ್ತಿ ನೋಡಿದ.

‘ಅಕ್ಕಾರ, ಇನ್ನ ಮ್ಯಾಲ ನಾ ಗಾಡಿ ಮೇನ್ ರೋಡಿಗೇ ಬಿಟ್ಟು ನಡಕೋತ ಬರ್ತೀನ್ರಿ.’

ಅವನು ಹಾಗೆಯೇ ಮಾಡುತ್ತಾನೆ. ಆದರೂ ಒಮ್ಮೊಮ್ಮೆ ಬೇರೆ ಯಾವುದೋ ಇಲಾಖೆಯ ಜೀಪು ಓಣಿಗೆ ಬರುತ್ತದೆ. ಹೊರಗೆ ಹೋಗಿ ನೋಡುವ ಅಗತ್ಯ ನನಗಿಲ್ಲ. ದೀಪ ನೋಡಿದರೆ ಗೊತ್ತಾಗುತ್ತದೆ.

ಮೊನ್ನೆ ಯಶೋದಾಬಾಯಿ ಫೋನು ಮಾಡಿದ್ದಳು. ಹಿಂದುಗಡೆ ಕ್ರಷರಿನ ಸದ್ದು.

‘ಬಾಯೀ, ಒಂದ ಮಾತು ಕೇಳಬೇಕಿತ್ತು’ ಎಂದಳು. ‘ಇಲ್ಲಿ ರಸ್ತಾದ ಬಾಜೂಕ ನನ್ನ ಮನಿ. ಸರ್ಕಾರದ ಜೀಪು ಹೋಗತಾವ, ಬರತಾವ. ನನ್ನ ದೀಪ ಆರೂದ ಇಲ್ಲ. ಬೆಳತನಕ ಉರೀತೈತಿ. ಆವತ್ತ ನಾವಿಬ್ರೂ ಅಕೀಗೆ ಭಾಳ ಬೈದ್ವಿ ಅಲ್ಲ... ಸಿಟ್ಟಾಗಿ ಮ್ಯಾಲ ಉಳಕೊಂಡ್ಲೇನೋ? ಗುಡ್ಡಾ ಸಿಡಸ್ತಾರ, ಬಾಯೀ. ಅಕೀ ಅದರಾಗ ಎಲ್ಲಿ ಕೂತಿರಬೇಕು?’

ಎಲ್ಲಿ ಕೂತಿದ್ದಾಳೆ ಎಂದು ನನಗೆ ಗೊತ್ತಿತ್ತು. ಆಗ ನಾನು ನಿಂತಿದ್ದ ಜಾಗದಿಂದ ಹೊಸ್ತಿಲು ಕಾಣುತ್ತಿತ್ತು. ನಿನ್ನ ಅತ್ತೆ ನಿನ್ನನ್ನು ಬಿಟ್ಟು, ತನ್ನನ್ನು ಬೈದವಳ ಹಿಂದೆ ಬಂದಿದ್ದಾಳೆ ಎಂದು ಹೇಗೆ ಹೇಳಲಿ?

‘ಗೊತ್ತಿಲ್ಲ ಯಶೋದಾ’ ಎಂದೆ.

ಆ ಸಂಜೆ ದೀಪ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಓಣಿಯ ಮೂಲೆಯಲ್ಲಿ ಇಂಜಿನ್ ಗುಡುಗಿತು. ಮೊದಲಾದರೆ ಓಡಿ ಹೋಗಿ ಕೈ ಅಡ್ಡ ಇಡುತ್ತಿದ್ದೆ, ಬೈಯುತ್ತಿದ್ದೆ. ಅಂದು ಇಡಲಿಲ್ಲ. ಯಾವ ಜೀಪಿಗೆ ಹೆದರಬೇಕು ಎಂಬುದು ನನಗಿಂತ ಆ ಮುದುಕಿಗೆ ಚೆನ್ನಾಗಿ ಗೊತ್ತಿರಬಹುದು. ದೀಪ ಆರಿತು. ನಾನು ಕತ್ತಲಲ್ಲಿ ಗೋಡೆಗೊರಗಿ, ಸದ್ದು ದೂರವಾಗಲೆಂದು ಗಪ್ಪಾಗಿ ಕುಳಿತೆ.

ಸದ್ದು ದೂರವಾಗಲಿಲ್ಲ. ನಮ್ಮ ಮನೆಯ ಕೆಳಗೇ ನಿಂತಿತು.